ಕಣ್ಣಿಗೂ ಕಿವಿಗೂ ಮರೆಯಾಗಬೇಕಾದ ಸಬ್‌ವೂಫರ್

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಕಾರ್ಯಾಗಾರಕ್ಕೆ ಕಳೆದ ಬೇಸಿಗೆಯಲ್ಲಿ ಒಂದು ಫೋರ್ಡ್ ಮಸ್ಟಾಂಗ್ ಕಾರು ಬಂದಿತ್ತು. 2016ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, ಬಲಬದಿಯ ಸ್ಟಿಯರಿಂಗ್‌ನೊಂದಿಗೆ ಕಾರ್ಖಾನೆಯಿಂದಲೇ ಹೊರಬಿದ್ದ ಮೊದಲ ಪೀಳಿಗೆಯ ಮಸ್ಟಾಂಗ್ ಅದು. ಧಾರವಾಡದವರಾದ ಅದರ ಯುವ ಮಾಲೀಕರು ಡಿಕ್ಕಿಯನ್ನು ತೆರೆದು ತೋರಿಸಿ, “ಅಣ್ಣಾರ, ಬೇಸ್ ಛೊಲೊ ಬರಬೇಕ್ರಿ, ಆದ್ರ ಡಿಕ್ಕಿ ತಗದ್ರ ಏನೂ ಕಾಣಬಾರ್ದು. ಅವ್ವನ್ನ ಊರಿಗೆ ಕರಕೊಂಡು ಹೋಗುಮುಂದ ಎರಡು ಬ್ಯಾಗ್ ಹಿಡೀಬೇಕು ನೋಡ್ರಿ” ಎಂದರು. ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ತೀರ ಕೆಳಗಿನ ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರಾದ ಸಬ್‌ವೂಫರಿನ ಪೆಟ್ಟಿಗೆಯನ್ನು ಕಣ್ಣಿಗೆ ಕಾಣದಂತೆ ಕೂಡಿಸುವುದು ಕೈಕೆಲಸ ಬಲ್ಲ ಯಾರಿಗಾದರೂ ಸಾಧ್ಯ. ಆದರೆ ಮುಂದಿನ ಸೀಟಿನಲ್ಲಿ ಕೂತವರ ಕಿವಿಗೂ ಅದು ಎಲ್ಲಿದೆ ಎಂಬುದು ಗೊತ್ತಾಗಬಾರದು. ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ಕಷ್ಟ ಇರುವುದು ಅಲ್ಲಿ, ಹಣ ಕೊಟ್ಟವರಿಗೆ ಸಿಗಬೇಕಾದ ನ್ಯಾಯ ಇರುವುದೂ ಅಲ್ಲಿಯೇ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 50 ಹರ್ಟ್ಸ್‌ನ ಒಂದು ಅಲೆ ಹೆಚ್ಚುಕಡಿಮೆ ಏಳು ಮೀಟರ್ ಉದ್ದವಿರುತ್ತದೆ, ಅಂದರೆ ಇಡೀ ಕಾರಿಗಿಂತಲೂ ಉದ್ದ. ಇಷ್ಟು ಉದ್ದದ ಅಲೆ ಯಾವ ದಿಕ್ಕಿನಿಂದ ಬಂತು ಎಂಬುದನ್ನು ಮನುಷ್ಯನ ಕಿವಿ ಸುಲಭವಾಗಿ ಹೇಳಲಾರದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ದಿಕ್ಕಿಲ್ಲ ಎಂದೇ ನಾವು ಲೆಕ್ಕ ಹಿಡಿಯುತ್ತೇವೆ. ಡಿಕ್ಕಿಯ ಮೂಲೆಯಲ್ಲಿ ಸ್ಪೀಕರ್ ಇಟ್ಟು ಡ್ಯಾಶ್‌ಬೋರ್ಡಿನಿಂದ ಸಂಗೀತ ಬಂದಂತೆ ಕೇಳಿಸಲು ಸಾಧ್ಯವಾಗುವುದು ಇದರಿಂದಲೇ. ಆದರೆ ಆ ಮೂಲೆಯಲ್ಲಿ ಒಂದು ತಗಡು ನಡುಗಿತೋ, ಸ್ಪೀಕರಿನ ಕೋನ್ ತನ್ನ ಶಕ್ತಿ ಮೀರಿ ಆಡಿ ಸ್ವರ ಒಡೆಯಿತೋ, ಅದರಿಂದ ಹುಟ್ಟುವ ಇನ್ನೂರು ಮುನ್ನೂರು ಹರ್ಟ್ಸ್‌ನ ಸದ್ದನ್ನು ಕಿವಿ ತಕ್ಷಣ ಹಿಡಿಯುತ್ತದೆ, ಬೇಸ್ ಪೂರ್ತಿ ಬೆನ್ನ ಹಿಂದೆ ಬಂದು ಕೂರುತ್ತದೆ. ಆದ್ದರಿಂದ ನಾನು ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ಸದ್ದನ್ನು ಎಂದೂ ಬಯಸುವುದಿಲ್ಲ.

ಪೆಟ್ಟಿಗೆ ಪೂರ್ತಿ ಮುಚ್ಚಿದ್ದಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಗಾಳಿಗಿಂಡಿ ಇರುವ ಪೆಟ್ಟಿಗೆ ಹೆಚ್ಚು ಸದ್ದು ಕೊಡುತ್ತದೆ ಎಂಬುದು ನಿಜ, ಆದರೆ ಅದಕ್ಕೆ ಬೇಕಾಗುವ ಜಾಗ ಇಂಥ ಕಾರುಗಳಲ್ಲಿ ಇರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮುಚ್ಚಿದ ಪೆಟ್ಟಿಗೆಯ ಸದ್ದು ಒಂದು ಮಿತಿಯ ಕೆಳಗೆ ಪ್ರತಿ ಸಪ್ತಕಕ್ಕೆ 12 ಡೆಸಿಬಲ್‌ನಂತೆ ಇಳಿಯುತ್ತಾ ಹೋಗುತ್ತದೆ. ಕಾರಿನ ಒಳಗಿನ ಚಿಕ್ಕ ಜಾಗ, ಅಲೆ ಆ ಜಾಗದ ಉದ್ದವನ್ನು ಮೀರಿ ಬೆಳೆದಂತೆಲ್ಲ, ಸರಿಸುಮಾರು ಅದೇ ಪ್ರಮಾಣದಲ್ಲಿ ಮಂದ್ರವನ್ನು ಮೇಲೆತ್ತುತ್ತದೆ. ಎರಡು ಬಾಗಿಲಿನ ಕಿರಿದಾದ ಕಾರಿನಲ್ಲಿ ಈ ಉಪಕಾರ ಚೆನ್ನಾಗಿಯೇ ಸಿಗುತ್ತದೆ. ಹಾಗಾಗಿ ಹತ್ತು ಇಂಚಿನ, ತೆಳು ಜಾತಿಯ ಒಂದೇ ಸಬ್‌ವೂಫರ್ ಸಾಕು. ಎರಡು ಹನ್ನೆರಡು ಇಂಚಿನವನ್ನು ಬಲವಂತವಾಗಿ ತುರುಕಿಸಿಕೊಂಡು ಬಂದವರ ಕಾರುಗಳನ್ನು ಬಿಚ್ಚಿ ಸರಿಪಡಿಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಜಾಗ ಹುಡುಕುವುದಕ್ಕೆ ನಾನು ಅರ್ಧ ದಿನ ಮೀಸಲಿಡುತ್ತೇನೆ. ಡಿಕ್ಕಿಯ ಕಾರ್ಪೆಟ್, ಬದಿಯ ಪ್ಯಾನೆಲ್‌ಗಳನ್ನು ಕಳಚಿದರೆ ಹಿಂದಿನ ಚಕ್ರದ ಉಬ್ಬಿನ ಹಿಂದೆ, ಹೊರಗಿನ ತಗಡಿಗೂ ಒಳಗಿನ ಪ್ಯಾನೆಲ್ಲಿಗೂ ನಡುವೆ ಒಂದು ಗುಳಿ ಸಿಗುತ್ತದೆ. ಕಾರ್ಖಾನೆಯವರು ಬಳಸದೆ ಬಿಟ್ಟ ಆ ಜಾಗವೇ ನಮ್ಮ ಆಸ್ತಿ. ಆದರೆ ಅಲ್ಲಿ ಬೇರೆಯವರ ಹಕ್ಕೂ ಇರುತ್ತದೆ. ಟೇಲ್ ಲ್ಯಾಂಪಿನ ಬಲ್ಬ್ ಬದಲಿಸಲು ಕೈ ಹೋಗುವ ದಾರಿ, ಪೆಟ್ರೋಲ್ ತುಂಬುವ ಕೊಳವೆ, ಡಿಕ್ಕಿ ತೆರೆಯುವ ಮೋಟರಿನ ವೈರು, ಎಳೆಯುವ ಕೊಕ್ಕೆಯ ಬೋಲ್ಟು, ಮಡಚುವ ಛಾವಣಿಯ ಕಾರಾದರೆ ಛಾವಣಿ ಇಳಿದು ಕೂರುವ ತಾವು, ಇವುಗಳಲ್ಲಿ ಯಾವುದನ್ನೂ ಮುಚ್ಚಬಾರದು.

ಇವುಗಳ ಜೊತೆಗೆ ಬಹಳ ಮಂದಿ ಮರೆಯುವ ಒಂದು ವಸ್ತುವಿದೆ, ಅದನ್ನು ಒಮ್ಮೆ ನಾನೂ ಮರೆತಿದ್ದೆ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಬಂಪರಿನ ಒಳಗೆ, ಡಿಕ್ಕಿಯ ಬದಿಯ ಗೋಡೆಯಲ್ಲಿ, ತೆಳು ರಬ್ಬರಿನ ಪಟ್ಟಿಗಳಿರುವ ಒಂದು ಗಾಳಿಕಿಂಡಿ ಇರುತ್ತದೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗುವುದೂ, ಎ.ಸಿ. ಒಳಗೆ ತಳ್ಳಿದ ಗಾಳಿ ಹೊರಬೀಳುವುದೂ ಅಲ್ಲಿಂದಲೇ. ನಾನು ಈ ಉದ್ಯೋಗಕ್ಕೆ ಇಳಿದ ಹೊಸದರಲ್ಲಿ ಒಂದು ಪೆಟ್ಟಿಗೆಯನ್ನು ಆ ಕಿಂಡಿಗೆ ಒತ್ತಿ ಕೂಡಿಸಿಬಿಟ್ಟಿದ್ದೆ. ಸದ್ದು ಅದ್ಭುತವಾಗಿತ್ತು. ಎರಡು ವಾರದ ಮೇಲೆ ಮಾಲೀಕರು ಬಂದು, ಬಾಗಿಲು ಜೋರಾಗಿ ಹಾಕದಿದ್ದರೆ ಕೂಡುತ್ತಿಲ್ಲ, ಹಾಕಿದರೆ ಕಿವಿ ಗಡಚಿಕ್ಕುತ್ತದೆ, ಮಳೆಯಲ್ಲಿ ಗಾಜೆಲ್ಲ ಮಂಜು ಹಿಡಿಯುತ್ತದೆ ಎಂದರು. ಪೆಟ್ಟಿಗೆಯನ್ನು ಪೂರ್ತಿ ಒಡೆದು ನನ್ನ ಖರ್ಚಿನಲ್ಲಿ ಮತ್ತೆ ಕಟ್ಟಿಕೊಟ್ಟೆ. ಅಂದಿನಿಂದ ಪ್ಯಾನೆಲ್ ಬಿಚ್ಚಿದ ಕೂಡಲೇ ಮೊದಲು ಕಿಂಡಿಯನ್ನು ಹುಡುಕಿ, ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಆ ಗೆರೆಯಿಂದ ನಾಲ್ಕು ಬೆರಳು ದೂರ ಬಿಟ್ಟೇ ಅಚ್ಚು ತೆಗೆಯುತ್ತೇನೆ.

ಅಚ್ಚಿನ ಕೆಲಸಕ್ಕೆ ಫೈಬರ್ ಗ್ಲಾಸ್ ಬಿಟ್ಟರೆ ಬೇರೆ ಉಪಾಯವಿಲ್ಲ, ಏಕೆಂದರೆ ಆ ಗುಳಿಯಲ್ಲಿ ನೇರವಾದ ಒಂದು ಗೆರೆಯೂ ಇರುವುದಿಲ್ಲ. ತಗಡಿನ ಮೇಲೆ ಮಾಸ್ಕಿಂಗ್ ಟೇಪನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಎರಡು ಪದರ ಅಂಟಿಸಿ, ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹೊದಿಸಿ, ವ್ಯಾಕ್ಸ್ ಸವರಿದ ನಂತರವೇ, ಒಣಗಿದರೆ ಗಟ್ಟಿಯಾಗುವ ಅಂಟುದ್ರವವಾದ ರೆಸಿನ್‌ನಲ್ಲಿ ನೆನೆಸಿದ ಗಾಜಿನ ನಾರಿನ ಮ್ಯಾಟನ್ನು ಹಾಸಬೇಕು. ಚದರ ಮೀಟರಿಗೆ 450 ಗ್ರಾಂ ತೂಕದ ಮ್ಯಾಟ್ ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ. ಎರಡು ಪದರ ಕಾರಿನಲ್ಲೇ ಹಾಕಿ, ಗಟ್ಟಿಯಾದ ಚಿಪ್ಪನ್ನು ಹೊರಗೆ ತೆಗೆದು, ಉಳಿದ ನಾಲ್ಕನ್ನು ಬಯಲಿನಲ್ಲಿ ಹಾಕುವುದು ನಮ್ಮ ಪದ್ಧತಿ. ಹೀಗೆ ಮಾಡಿದರೆ ರೆಸಿನ್ನಿನ ಘಾಟು ವಾಸನೆ ಕಾರಿನ ಸೀಟಿಗೆ ಹತ್ತುವುದಿಲ್ಲ, ಕೆಲಸದ ಹುಡುಗರ ಎದೆಗೂ ಇಳಿಯುವುದಿಲ್ಲ. ಆ ಹೊಗೆಗೆ ಬಟ್ಟೆಯ ಮುಖಗವಸು ತಡೆಯಲ್ಲ, ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಮ್ಮಲ್ಲಿ ರೆಸಿನ್, ಅದು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಹೆಚ್ಚಾಗಿ ಮೂರು ಬೇರೆ ಡಬ್ಬಿಗಳಲ್ಲಿ ಸಿಗುತ್ತವೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆ ಹಾರ್ಡ್‌ನರ್ ಹಾಕಬೇಕು. ಕೋಬಾಲ್ಟ್ ಮತ್ತು ಹಾರ್ಡ್‌ನರ್ ನೇರವಾಗಿ ಒಂದನ್ನೊಂದು ಮುಟ್ಟಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಎರಡನ್ನೂ ಒಂದೇ ಮುಚ್ಚಳದಲ್ಲಿ ಅಳೆಯಕೂಡದು. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಕನ್ನಡಕ ಹಾಕಿಕೊಳ್ಳದವನ ಕೈಗೆ ನಾನು ಆ ಡಬ್ಬಿ ಕೊಡುವುದಿಲ್ಲ. ಏಪ್ರಿಲ್–ಮೇ ತಿಂಗಳ ಹುಬ್ಬಳ್ಳಿಯ ಬಿಸಿಲಿನಲ್ಲಿ ನೂರಕ್ಕೆ ಒಂದು ಭಾಗ ಹಾರ್ಡ್‌ನರ್ ಹಾಕಿದರೂ ಡಬ್ಬಿಯಲ್ಲಿಯೇ ರೆಸಿನ್ ಹೆಪ್ಪುಗಟ್ಟಲು ತೊಡಗುತ್ತದೆ. ಆಷಾಢದ ಜಡಿಮಳೆಯಲ್ಲಿ ಎರಡು ಭಾಗ ಹಾಕಿದರೂ ಸಂಜೆಯವರೆಗೆ ಅಂಟಂಟು ಬಿಡುವುದಿಲ್ಲ. ಬೇಸಿಗೆಯಲ್ಲಿ ನಾವು ಈ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸುತ್ತೇವೆ.

ಮುಂಭಾಗಕ್ಕೆ ಮರದ ನಾರನ್ನು ಒತ್ತಿ ಮಾಡಿದ 18 ಮಿಲಿಮೀಟರ್ ಎಂಡಿಎಫ್ ಹಲಗೆಯ ಉಂಗುರವನ್ನು ಕಡ್ಡಿಗಳ ಆಧಾರದ ಮೇಲೆ ನಿಲ್ಲಿಸಿ, ಬನಿಯನ್ ಬಟ್ಟೆಯನ್ನು ಬಿಗಿಯಾಗಿ ಎಳೆದು ರೆಸಿನ್ ಕುಡಿಸಿದರೆ ಆಕಾರ ತಾನಾಗಿ ಬರುತ್ತದೆ. ಅದು ಒಣಗಿದ ಮೇಲೆ ಗಾತ್ರ ಅಳೆಯಬೇಕು. ಅಂಕುಡೊಂಕಾದ ಪೆಟ್ಟಿಗೆಯ ಗಾತ್ರ ಟೇಪಿಗೆ ಸಿಗುವುದಿಲ್ಲ, ಎಂಡಿಎಫ್ ಇರುವುದರಿಂದ ನೀರು ತುಂಬುವ ಹಾಗಿಲ್ಲ. ನಾವು ಜೋಳ ತುಂಬುತ್ತೇವೆ. ಒಂದು ಲೀಟರಿನ ಅಳತೆಯಲ್ಲಿ ಎಣಿಸುತ್ತಾ ಬಿಳಿಜೋಳವನ್ನು ಸುರಿದು, ಪೆಟ್ಟಿಗೆಯನ್ನು ಕುಲುಕಿ ಮತ್ತೆ ಸುರಿದಾಗ ಆ ಮಸ್ಟಾಂಗಿನ ಎಡಮೂಲೆಯ ಪೆಟ್ಟಿಗೆಗೆ 21 ಲೀಟರ್ ಹಿಡಿಯಿತು. ಸ್ಪೀಕರಿನ ಆಯಸ್ಕಾಂತ, ಚೌಕಟ್ಟು ಆಕ್ರಮಿಸುವ ಒಂದೂವರೆ ಲೀಟರ್ ಕಳೆದರೆ ಹತ್ತೊಂಬತ್ತೂವರೆ ಉಳಿಯಿತು. ಸ್ಪೀಕರಿನ ತಯಾರಕರು ಕೊಟ್ಟ ಮಿತಿಯೊಳಗೇ ಅದು ಇತ್ತು. ಬಳಿಕ ಪೆಟ್ಟಿಗೆಯನ್ನು ಬೋರಲು ಹಾಕಿ, ತಟ್ಟಿ, ವ್ಯಾಕ್ಯೂಮ್ ಹಿಡಿದು, ಕೊನೆಗೆ ಕೈಯಾಡಿಸಿ ನೋಡಬೇಕು. ಒಂದೇ ಒಂದು ಕಾಳು ಒಳಗೆ ಉಳಿದರೂ ಅದು ಸ್ಪೀಕರಿನ ಬೆನ್ನಿಗೆ ಬಡಿಯುತ್ತಾ ಚಟಚಟ ಎನ್ನುತ್ತದೆ. ಒಳಗೆ ಸ್ವಲ್ಪ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿದರೆ ಪೆಟ್ಟಿಗೆ ತನ್ನ ಗಾತ್ರಕ್ಕಿಂತ ತುಸು ದೊಡ್ಡದಾಗಿರುವಂತೆ ವರ್ತಿಸುತ್ತದೆ.

ಹೊರಮುಖಕ್ಕೆ ಡಿಕ್ಕಿಯದೇ ಬಣ್ಣದ ಕಾರ್ಪೆಟ್, ಸ್ಪೀಕರಿನ ಎದುರು ಕಬ್ಬಿಣದ ಜಾಲರಿ, ಅದರ ಮೇಲೆ ಸದ್ದು ಹಾಯುವ ತೆಳು ಬಟ್ಟೆ. ಜಾಲರಿಗೂ ಕೋನಿಗೂ ನಡುವೆ ಎರಡು ಸೆಂಟಿಮೀಟರಿನಷ್ಟಾದರೂ ಅಂತರ ಬೇಕು. ಪೆಟ್ಟಿಗೆ ನಿಲ್ಲುವುದು ನಾಲ್ಕು ಬೋಲ್ಟುಗಳ ಮೇಲೆ, ಅಂಟಿನ ಮೇಲಲ್ಲ. ಹದಿನೈದು ನಿಮಿಷದಲ್ಲಿ ಬಿಚ್ಚಿ ಹೊರತೆಗೆಯುವಂತಿದ್ದರೆ ಮಾತ್ರ ನಾಳೆ ಟೇಲ್ ಲ್ಯಾಂಪ್ ಬದಲಿಸಬೇಕಾದ ಮೆಕ್ಯಾನಿಕ್ ನಿಮ್ಮನ್ನು ಶಪಿಸುವುದಿಲ್ಲ. ತೂತು ಕೊರೆಯುವ ಮೊದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ, ತಗಡಿನ ಆಚೆ ಪೆಟ್ರೋಲ್ ಟ್ಯಾಂಕ್, ಬ್ರೇಕಿನ ಪೈಪು ಇಲ್ಲವೆಂದು ಕಣ್ಣಾರೆ ನೋಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಲೆಕ್ಕ ಸರಳವಾಗಿದ್ದರೂ ಹೆಚ್ಚು ಮೋಸ ನಡೆಯುವುದು ಅಲ್ಲಿ. 300 ವಾಟ್‌ನ ಕ್ಲಾಸ್ ಡಿ (ಕಡಿಮೆ ವಿದ್ಯುತ್ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್ ನೂರಕ್ಕೆ ಎಂಬತ್ತರಷ್ಟು ದಕ್ಷವೆಂದು ಹಿಡಿದರೆ 13.8 ವೋಲ್ಟ್‌ನಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. ಎಂಜಿನ್ ಕಡೆಯ ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್ ವೈರು ಬೇಕು ಎಂದಿಟ್ಟುಕೊಳ್ಳೋಣ. 8 ಗೇಜಿನ ಶುದ್ಧ ತಾಮ್ರದ ವೈರಿನಲ್ಲಿ ಈ ದೂರಕ್ಕೆ ಕಾಲು ವೋಲ್ಟ್‌ಗಿಂತ ತುಸು ಹೆಚ್ಚು ನಷ್ಟವಾಗುತ್ತದೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ವೈರಿನಲ್ಲಿ ಆ ನಷ್ಟ ಒಂದೂವರೆ ಪಟ್ಟಾಗುತ್ತದೆ, ವೈರೂ ಬಿಸಿಯಾಗುತ್ತದೆ. ಎರಡೂ ನೋಡಲು ಒಂದೇ ತರಹ ಇರುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಂಡಿತೆಂದರೆ ಅದು ಅಲ್ಯೂಮಿನಿಯಂ. ಗ್ರಾಹಕರು ಅಂಗಡಿಯಲ್ಲಿ ನಿಂತೇ ಇದನ್ನು ಕೆರೆದು ನೋಡಲಿ ಎಂದು ನಾನು ಹೇಳುತ್ತೇನೆ.

ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ 40 ಆಂಪಿಯರಿನ ಫ್ಯೂಸ್ ಇರಲೇಬೇಕು. ಆ ಫ್ಯೂಸ್ ಇರುವುದು ಆಂಪ್ಲಿಫೈಯರಿನ ರಕ್ಷಣೆಗೆ ಎಂದು ಹಲವರು ತಿಳಿದಿದ್ದಾರೆ. ಅದು ಕಾಯುವುದು ವೈರನ್ನು, ವೈರಿನ ಮೂಲಕ ಕಾರನ್ನು ಮತ್ತು ಕಾರಿನಲ್ಲಿ ಕೂತವರನ್ನು. ಬೇರೆ ಕಡೆ ಅಳವಡಿಸಿಕೊಂಡು ಬಂದ ಒಂದು ಕಾರಿನಲ್ಲಿ ಫ್ಯೂಸ್ ಡಿಕ್ಕಿಯಲ್ಲಿತ್ತು, ಎಂಜಿನ್ ಗೋಡೆಯ ತೂತಿನ ಹರಿತ ಅಂಚಿಗೆ ರಬ್ಬರ್ ಇರಲಿಲ್ಲ, ವೈರಿನ ಮೇಲಿನ ಕವಚ ಅರ್ಧ ಸವೆದು ತಾಮ್ರ ಹೊಳೆಯುತ್ತಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಆ ಕಾರು ಉಳಿಯುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಅರ್ತ್ ವೈರು ಮೊಳದಷ್ಟೇ ಉದ್ದವಿದ್ದು, ಪೇಂಟ್ ಪೂರ್ತಿ ಕೆರೆದ ಹೊಳೆಯುವ ಉಕ್ಕಿಗೆ ಕೂಡಬೇಕು, ಬಳಿಕ ಆ ಜಾಗಕ್ಕೆ ತುಕ್ಕು ಹಿಡಿಯದಂತೆ ಬಣ್ಣ ಬಳಿಯಬೇಕು. ಕಾರ್ಖಾನೆಯ ಸ್ಟೀರಿಯೋವನ್ನು ತೆಗೆಯಬೇಕಾಗಿಲ್ಲ. ಹಿಂದಿನ ಸ್ಪೀಕರಿನ ವೈರಿನಿಂದ ಸಂಕೇತ ಪಡೆಯುವ ಆಂಪ್ಲಿಫೈಯರ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಆ ಸಂಕೇತದ ವೈರನ್ನು ಕಾರಿನ ಒಂದು ಬದಿಯಿಂದಲೂ ಬ್ಯಾಟರಿಯ ವೈರನ್ನು ಇನ್ನೊಂದು ಬದಿಯಿಂದಲೂ ಒಯ್ದರೆ ಎಂಜಿನ್ನಿನ ಕೀರಲು ಸದ್ದು ಸ್ಪೀಕರಿಗೆ ನುಸುಳುವುದು ಕಡಿಮೆಯಾಗುತ್ತದೆ.

ಆಂಪ್ಲಿಫೈಯರ್ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ತೀರ್ಮಾನಿಸುವ ಗೇನ್ ತಿರುಪನ್ನು ಕಿವಿಯಿಂದ ಹೊಂದಿಸುವವರನ್ನು ನಾನು ಒಪ್ಪುವುದಿಲ್ಲ. ಸಬ್‌ವೂಫರನ್ನು ಕಳಚಿಟ್ಟು, ಸ್ಟೀರಿಯೋದ ಧ್ವನಿಯನ್ನು ಮುಕ್ಕಾಲಿಗೆ ಏರಿಸಿ, 50 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸಿ, ಆಂಪ್ಲಿಫೈಯರಿನ ಹೊರದಾರಿಯಲ್ಲಿ ಮಲ್ಟಿಮೀಟರ್ ಹಿಡಿಯಬೇಕು. 4 ಓಮ್‌ನ ಸ್ಪೀಕರಿಗೆ 300 ವಾಟ್ ಎಂದರೆ 34.6 ವೋಲ್ಟ್, ಮುಳ್ಳು ಅಲ್ಲಿಗೆ ಬಂದರೆ ತಿರುಪಿನ ಕೆಲಸ ಮುಗಿಯಿತು. ಆ ಬಳಿಕ 30ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ಹಾಕಿ, ಒಬ್ಬರು ಪ್ಯಾನೆಲ್ ಪ್ಯಾನೆಲ್ಲಿಗೂ ಅಂಗೈ ಒತ್ತುತ್ತಾ ಹೋಗಬೇಕು. ಯಾವುದನ್ನು ಒತ್ತಿದಾಗ ನಡುಕ ನಿಲ್ಲುತ್ತದೆಯೋ ಅದೇ ಕಳ್ಳ. ಹೆಚ್ಚಾಗಿ ಸಿಕ್ಕಿಬೀಳುವುದು ನಂಬರ್ ಪ್ಲೇಟು, ಜಾಕಿನ ಸಾಮಾನು, ಹಿಂದಿನ ಸೀಟಿನ ಕೊಂಡಿ. ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟನ್ನು ತಗಡಿನ ತುಂಬ ಅಂಟಿಸಬೇಕಾಗಿಲ್ಲ, ನಡುವಿನ ಕಾಲುಭಾಗ ಮುಚ್ಚಿದರೆ ಸಾಕು.

ಕೊನೆಯ ಪರೀಕ್ಷೆಗೆ ನಾನು ಅಬ್ಬರದ ಹಾಡು ಹಾಕುವುದಿಲ್ಲ. ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಕೆಲಸ ಮಾಡುವವನಿಗೆ ತಬಲಾ ಸಾಥಿಗಿಂತ ದೊಡ್ಡ ಅಳತೆಗೋಲು ಬೇಕಿಲ್ಲ. ತಬಲಾದ ‘ನಾ’ ಬಾಗಿಲಿನ ಸ್ಪೀಕರಿನಿಂದ ಬರುತ್ತದೆ, ಡಗ್ಗಾದ ‘ಘೇ’ಯ ತಳ ಡಿಕ್ಕಿಯಿಂದ ಬರುತ್ತದೆ, ಆದರೆ ಬಾರಿಸುವವರು ಒಬ್ಬರೇ, ಅವರ ಎರಡು ಕೈಗಳ ನಡುವೆ ಇರುವುದು ಒಂದು ಗೇಣು. ಅಂಗೈ ಒತ್ತಿ ಡಗ್ಗಾದ ಸ್ವರವನ್ನು ಜಾರಿಸಿದಾಗ ಆ ಮೀಂಡ್ ಡ್ಯಾಶ್‌ಬೋರ್ಡಿನ ಮೇಲೆಯೇ ಜಾರಬೇಕು. ಅರ್ಧದಲ್ಲಿ ಹಿಂದಕ್ಕೆ ಹೋದರೆ, ಸಬ್‌ವೂಫರಿಗೆ ಹೋಗುವ ಸ್ವರಗಳಿಗೆ ಆಂಪ್ಲಿಫೈಯರಿನಲ್ಲಿ ಹಾಕಿದ 80 ಹರ್ಟ್ಸ್‌ನ ಗಡಿಯನ್ನು ತುಸು ಇಳಿಸಬೇಕು. ಅರ್ಧದಲ್ಲಿ ಬಡಕಲಾದರೆ, ಅಲೆಯ ಏರಿಳಿತವನ್ನು ತಿರುವುಮುರುವಾಗಿಸುವ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ ತಿರುಗಿಸಿ ಮತ್ತೆ ಕೇಳಬೇಕು. ಮಸ್ಟಾಂಗಿನಲ್ಲಿ ಗಡಿ 70ಕ್ಕೆ ನಿಂತಿತು. ಮಾಲೀಕರು ಬೇಸ್ ಇನ್ನಷ್ಟು ಏರಿಸಲು ಕೇಳಿದರು, ನಾನು ಒಪ್ಪಲಿಲ್ಲ. ರಾತ್ರಿ ಹತ್ತರ ಮೇಲೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬಲ್ ಎಂಬುದನ್ನೂ, ಮಂದ್ರದ ಸದ್ದು ಗೋಡೆ ದಾಟಿ ನೆರೆಮನೆಯ ಹಾಸಿಗೆಯವರೆಗೆ ಹೋಗುತ್ತದೆ ಎಂಬುದನ್ನೂ ವಿವರಿಸಿದೆ.

ಹದಿನೈದು ದಿನ ಬಿಟ್ಟು ಕಾರನ್ನು ಒಮ್ಮೆ ತಂದು ತೋರಿಸಬೇಕೆಂಬುದು ನಮ್ಮ ಕರಾರು. ಧಾರವಾಡದಿಂದ ಬಂದವರ ಡಿಕ್ಕಿಯಲ್ಲಿ ಎರಡು ಬ್ಯಾಗುಗಳಿದ್ದವು. ಅವನ್ನು ಕೆಳಗಿಳಿಸಿ, ಫ್ಯೂಸಿನ ಕೊಂಡಿ ಬಿಸಿಯಾಗಿದೆಯೇ ಎಂದು ಬೆರಳಿಟ್ಟು ನೋಡಿ, ಪೆಟ್ಟಿಗೆಯ ಬೋಲ್ಟುಗಳಿಗೆ ಪಾನಾ ಹಾಕಿದೆ. ಮೂರು ಅಲುಗಲಿಲ್ಲ, ನಾಲ್ಕನೆಯದು ಅರ್ಧ ಸುತ್ತು ತಿರುಗಿ ಬಿಗಿಯಾಯಿತು.