ಮಬ್ಬಾದ ಹೆಡ್‌ಲೈಟು: ಬದಲಿಸುವ ಮುನ್ನ ಬೆಳಕಿನ ಲೆಕ್ಕ

ಮುಂಬಯಿಯಿಂದ ಕರಾವಳಿಯ ಊರುಗಳಿಗೆ ರಾತ್ರಿ ಹೊರಡುವವರಿಗೆ ರಾಷ್ಟ್ರೀಯ ಹೆದ್ದಾರಿ 66ರ ಕೊಂಕಣದ ತಿರುವುಗಳು ಚೆನ್ನಾಗಿ ಗೊತ್ತು. ಬೀದಿದೀಪವಿಲ್ಲದ ಕಡೆ ರಸ್ತೆಯ ಅಂಚನ್ನು ತೋರಿಸುವುದು ಕಾರಿನ ಹೆಡ್‌ಲೈಟು ಮಾತ್ರ. ಕಳೆದ ಮಳೆಗಾಲಕ್ಕೆ ಮುಂಚೆ ಸ್ನೇಹಿತರೊಬ್ಬರು ಇದೇ ದಾರಿಯಲ್ಲಿ ಊರಿಗೆ ಹೋಗುವ ಆಸೆಯಿಂದ ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು, ಅಂದರೆ ತೊಂಬತ್ತರ ದಶಕದ ಕೊನೆಯ ಎರಡು ಸೀಟಿನ ವಾಹನವನ್ನು, ಮುಲುಂಡಿನ ಗ್ಯಾರೇಜೊಂದಕ್ಕೆ ತಂದಾಗ ನಾನೂ ಜೊತೆಗಿದ್ದೆ. ಎರಡೂ ಹೆಡ್‌ಲೈಟುಗಳ ಗಾಜು ಹಳದಿಗಟ್ಟಿ ಮಬ್ಬಾಗಿತ್ತು. ಎಡಗಡೆಯದರ ಮೂಲೆಯಲ್ಲಿ ಕಲ್ಲು ಸಿಡಿದ ಬಿರುಕೂ ಇತ್ತು. ಕುಂದಾಪುರ ಕಡೆಯವರಾದ ಮೆಕ್ಯಾನಿಕ್ ಮಾತಾಡದೆ ಒಂದು ಮಗ್ ನೀರು ತಂದು ಎರಡರ ಮೇಲೂ ಸುರಿದು, "ಈಗ ಕಾಣಿ ಮಾರಾಯ್ರೆ" ಎಂದರು. ನೀರು ಹರಿಯುತ್ತಿದ್ದಷ್ಟು ಹೊತ್ತು ಬಲಗಡೆಯ ಗಾಜು ಹೊಸದರಂತೆ ತಿಳಿಯಾಗಿ, ಒಳಗಿನ ಬಲ್ಬು ಸ್ಪಷ್ಟವಾಗಿ ಕಂಡಿತು. ಎಡಗಡೆಯದು ಒದ್ದೆಯಾದರೂ ಮಬ್ಬಾಗಿಯೇ ಉಳಿಯಿತು. "ಬಲದ್ದನ್ನು ಉಜ್ಜಿ ಸರಿಮಾಡಬಹುದು, ಎಡದ್ದನ್ನು ಬದಲಿಸಲೇಬೇಕು" ಎಂಬ ತೀರ್ಮಾನ ಅರ್ಧ ನಿಮಿಷದಲ್ಲಿ ಹೊರಬಿತ್ತು.

ಈ ಪರೀಕ್ಷೆಯ ಹಿಂದಿರುವುದು ಶುದ್ಧ ಭೌತವಿಜ್ಞಾನ. ಗಾಳಿಯ ವಕ್ರೀಭವನಾಂಕ ಹೆಚ್ಚುಕಡಿಮೆ 1, ನೀರಿನದು 1.33, ಹೆಡ್‌ಲೈಟಿನ ಮುಂಭಾಗಕ್ಕೆ ಬಳಸುವ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು ಸುಮಾರು 1.58. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದನ್ನು ಈ ಅಂಕಿಗಳ ನಡುವಿನ ಅಂತರವೇ ನಿರ್ಧರಿಸುತ್ತದೆ. ತರಚಿ ಒರಟಾದ ಮೇಲ್ಮೈಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಇಳಿಜಾರುಗಳಿರುವುದರಿಂದ ಒಂದೊಂದು ಕಿರಣವೂ ಒಂದೊಂದು ದಿಕ್ಕಿಗೆ ಬಾಗಿ ಚದುರುತ್ತದೆ, ಆ ಚದುರಿಕೆಯೇ ನಮ್ಮ ಕಣ್ಣಿಗೆ ಮಬ್ಬು. ನೀರು ಆ ತಗ್ಗುಗಳನ್ನು ತುಂಬಿದಾಗ 0.58ರಷ್ಟಿದ್ದ ಅಂತರ 0.25ಕ್ಕೆ ಇಳಿಯುತ್ತದೆ, ಕಿರಣಗಳು ಅಷ್ಟಾಗಿ ದಾರಿ ತಪ್ಪುವುದಿಲ್ಲ. ಹಾನಿ ಹೊರಮೈಯಲ್ಲಿದ್ದರೆ ಮಾತ್ರ ನೀರು ಅದನ್ನು ಮರೆಮಾಚಬಲ್ಲದು. ಒಳಮೈಯಲ್ಲೋ ಪ್ಲಾಸ್ಟಿಕ್ಕಿನ ಒಡಲಲ್ಲೋ ಇದ್ದರೆ ಒಂದು ಬಕೆಟ್ ಸುರಿದರೂ ಪ್ರಯೋಜನವಿಲ್ಲ.

ನಾವು ಬಾಯಿ ರೂಢಿಯಲ್ಲಿ ಗಾಜು ಎಂದರೂ ಈ ಕಾರುಗಳಲ್ಲಿ ಅದು ಗಾಜಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ, 2023ರವರೆಗೂ ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿಯ ದುಂಡನೆಯ ದೀಪಕ್ಕೆ ನಿಜವಾದ ಗಾಜೇ ಇತ್ತು. ಅದರ ಮೇಲೆ ಕಾಣುತ್ತಿದ್ದ ಉದ್ದುದ್ದ ಗೆರೆಗಳು ಅಲಂಕಾರವಲ್ಲ; ಪ್ರತಿಯೊಂದು ಗೆರೆಯೂ ಒಂದು ಪುಟ್ಟ ಲೆನ್ಸ್. ಬಲ್ಬಿನ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರ್ ಒಟ್ಟುಗೂಡಿಸಿ ಕಳಿಸಿದ ಬೆಳಕನ್ನು ರಸ್ತೆಯ ಅಗಲಕ್ಕೆ ಹರಡುವ ಕೆಲಸ ಅವುಗಳದಾಗಿತ್ತು. ಪಾಲಿಕಾರ್ಬೊನೇಟನ್ನು 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹೆರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಪರಸ್ಪರ ಅರಿವಿಲ್ಲದೆಯೇ ರೂಪಿಸಿದರು. ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಪೆಟ್ಟು ತಡೆಯುವ ಶಕ್ತಿ ಎಷ್ಟೋ ಪಟ್ಟು ಹೆಚ್ಚು, ಬೇಕಾದ ಆಕಾರಕ್ಕೆ ಅಚ್ಚು ಹಾಕಬಹುದು. ಅಮೆರಿಕದಲ್ಲಿ 1940ರಿಂದ ಇದ್ದ ಸೀಲ್ಡ್ ಬೀಮ್ ದೀಪಗಳ, ಅಂದರೆ ಬಲ್ಬು, ರಿಫ್ಲೆಕ್ಟರ್, ಗಾಜು ಮೂರೂ ಬಿಚ್ಚಲಾಗದಂತೆ ಒಂದಾಗಿರುವ ದೀಪಗಳ ಕಟ್ಟಳೆ 1983ರಲ್ಲಿ ಸಡಿಲವಾದ ಮೇಲೆ ವಿನ್ಯಾಸಕಾರರಿಗೆ ಕೈಕಟ್ಟು ಬಿಚ್ಚಿದಂತಾಯಿತು. 1989ರ ಮಾಜ್ದಾ ಎಂಎಕ್ಸ್-5 ಕಾರಿನಲ್ಲಿ ಬಾನೆಟ್ಟಿನೊಳಗಿಂದ ಕಣ್ಣು ತೆರೆದಂತೆ ಮೇಲೇಳುತ್ತಿದ್ದ ದೀಪಗಳಿದ್ದವು. 1998ರಲ್ಲಿ ಬಂದ ಅದರ ಎರಡನೆಯ ಪೀಳಿಗೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯ ಸ್ಥಿರ ದೀಪಗಳು ಬಂದವು. ಆ ಹೊತ್ತಿಗೆ ಬೆಳಕನ್ನು ಹರಡುವ ಹೊಣೆ ಮುಂಭಾಗದ ಗೆರೆಗಳಿಂದ ಒಳಗಿನ ರಿಫ್ಲೆಕ್ಟರಿನ ಬಾಗುಗಳಿಗೆ ವರ್ಗವಾಗಿತ್ತು.

ಪಾಲಿಕಾರ್ಬೊನೇಟಿನ ದೌರ್ಬಲ್ಯ ಬಿಸಿಲು. ಅತಿನೇರಳೆ ಕಿರಣಗಳು ಅದರ ಅಣುಸರಪಳಿಯ ಕೊಂಡಿಗಳನ್ನು ಮುರಿಯುತ್ತವೆ. ಮುರಿದ ತುಣುಕುಗಳು ಆಮ್ಲಜನಕದೊಂದಿಗೆ ಸೇರಿ ಹುಟ್ಟುವ ಹೊಸ ಸಂಯುಕ್ತಗಳು ನೀಲಿ ಬೆಳಕನ್ನು ಹೀರುವುದರಿಂದ ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ತೆಳುವಾದ ಗಟ್ಟಿ ಲೇಪನ ಹಾಕಿರುತ್ತಾರೆ. ಧೂಳು, ಮರಳು, ವರ್ಷಗಟ್ಟಲೆಯ ಬಿಸಿಲು ಸೇರಿ ಅದನ್ನು ಸವೆಸಿದ ಮೇಲೆ ಪ್ಲಾಸ್ಟಿಕ್ಕು ಬರಿಮೈಯಲ್ಲಿ ಬಿಸಿಲಿಗೆ ನಿಂತಂತೆ.

ಮಬ್ಬಿನಿಂದ ಆಗುವ ನಷ್ಟ ಸಣ್ಣದಲ್ಲ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ ಹಾಳಾದ ಹೆಡ್‌ಲೈಟುಗಳು ಹೊಸ ದೀಪದ ಶೇಕಡಾ 20ರಷ್ಟು ಬೆಳಕನ್ನು ಮಾತ್ರ ಕೊಡಬಲ್ಲವು. ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಕಳೆದುಹೋದ ಬೆಳಕು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ. ಅದರ ಒಂದು ಪಾಲು ಚದುರಿ ಮೇಲಕ್ಕೆ, ಪಕ್ಕಕ್ಕೆ, ಎದುರಿನಿಂದ ಬರುವವರ ಕಣ್ಣಿಗೆ ಹೋಗುತ್ತದೆ. ಮಬ್ಬು ದೀಪದ ಕಾರು ತನ್ನ ಚಾಲಕನಿಗೆ ಕತ್ತಲೆಯನ್ನೂ ಎದುರಿನವನಿಗೆ ಕೋರೈಸುವ ಬೆಳಕನ್ನೂ ಒಟ್ಟಿಗೇ ಕೊಡುತ್ತದೆ. ಬಲ್ಬಿನ ವ್ಯಾಟ್ ಏರಿಸಿದರೆ ಎರಡನೆಯದೂ ಅಷ್ಟೇ ಏರುತ್ತದೆ.

ತಗ್ಗಾದ ಸ್ಪೋರ್ಟ್ಸ್ ಕಾರಿಗೆ ಈ ನಷ್ಟ ಇನ್ನೂ ದುಬಾರಿ. ಎದುರಿನವರ ಕಣ್ಣು ಕುಕ್ಕದಂತೆ ತಗ್ಗಿಸಿದ ಬೆಳಕಿನ, ಅಂದರೆ ಲೋ ಬೀಮಿನ, ಮೇಲಂಚು ಸಾಮಾನ್ಯವಾಗಿ ಶೇಕಡಾ 1ರಷ್ಟು ಕೆಳಮುಖವಾಗಿರುತ್ತದೆ, ಅಂದರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯುತ್ತದೆ. ದೀಪ ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಅಂಚು 60 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. 90 ಸೆಂಟಿಮೀಟರ್ ಎತ್ತರದ ದೊಡ್ಡ ಗಾಡಿಗೆ 90 ಮೀಟರ್ ಸಿಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 60 ಮೀಟರ್ ದಾಟಲು ಮೂರು ಸೆಕೆಂಡೂ ಬೇಕಿಲ್ಲ.

ಬಲಗಡೆಯ ಹೊದಿಕೆಯನ್ನು ಉಜ್ಜುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ನೀರು ಹಾಕಿ ಉಜ್ಜುವ ವಾಟರ್ ಪೇಪರ್ 800ರಿಂದ 2000 ನಂಬರಿನವರೆಗೆ ಒಂದಾದ ಮೇಲೊಂದು ಬಂದವು; ನಂಬರು ಏರಿದಷ್ಟೂ ಕಣ ನುಣುಪು. 2000 ನಂಬರಿನ ಕಣವೂ ಸುಮಾರು 10 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣುವ ಬೆಳಕಿನ ತರಂಗದುದ್ದವೋ 0.4ರಿಂದ 0.7 ಮೈಕ್ರಾನ್. ಆದ್ದರಿಂದ ಪೇಪರಿನ ಕೆಲಸ ಮುಗಿದಾಗಲೂ ಪ್ಲಾಸ್ಟಿಕ್ಕು ಹಾಲುಬಣ್ಣಕ್ಕೇ ಇರುತ್ತದೆ, ಅದಕ್ಕಿಂತ ನುಣುಪಾದ ಪಾಲಿಶ್ ಹಚ್ಚಿ ಬಫಿಂಗ್ ಮಾಡಿದಾಗಲೇ ತಿಳಿಯಾಗುವುದು. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ಅದು ತಪ್ಪು. ಉಳಿದಿದ್ದ ರಕ್ಷಣಾ ಲೇಪನವೂ ಉಜ್ಜಿದಾಗ ಹೋಗಿರುವುದರಿಂದ ಅತಿನೇರಳೆ ಕಿರಣ ತಡೆಯುವ ಹೊಸ ಲೇಪನ ಹಾಕದಿದ್ದರೆ ಹಳದಿ ಬೇಗನೆ ಮರಳುತ್ತದೆ. ಥಿನ್ನರ್ ಅಥವಾ ಅಸಿಟೋನಿನಲ್ಲಿ ಒರೆಸುವುದಂತೂ ಬೇಡವೇ ಬೇಡ. ಪಾಲಿಕಾರ್ಬೊನೇಟಿನೊಳಗೆ ಅದರಿಂದ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ.

ಎಡಗಡೆಯದರ ವಿಷಯದಲ್ಲಿ ಸ್ನೇಹಿತರಿಗೆ ಎರಡು ದಾರಿಗಳಿದ್ದವು: ಇಡೀ ದೀಪವನ್ನು ಹೊರದೇಶದಿಂದ ತರಿಸುವುದು, ಇಲ್ಲವೇ ಮುಂಭಾಗದ ಹೊದಿಕೆಯನ್ನಷ್ಟೇ ಬದಲಿಸುವುದು. ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳಲ್ಲಿ ಇಂಥ ಅಪರೂಪದ ಕಾರಿನ ಸಾಮಾನು ಸಿಗುವುದು ಅದೃಷ್ಟದ ಮಾತು. ಇಡೀ ದೀಪ ತರಿಸುವವರು ಮೊದಲು ನೋಡಬೇಕಾದದ್ದು ಅದು ಯಾವ ದೇಶದ ರಸ್ತೆಗಾಗಿ ತಯಾರಾದದ್ದು ಎಂಬುದನ್ನು. ನಾವು ಎಡಗಡೆ ಓಡಿಸುವವರು. ನಮ್ಮ ಲೋ ಬೀಮಿನ ಅಂಚು ಎಡಕ್ಕೆ ಸ್ವಲ್ಪ ಮೇಲೇರಿ ರಸ್ತೆಬದಿಯ ಪಾದಚಾರಿಯನ್ನು ತೋರಿಸುತ್ತದೆ. ಅಮೆರಿಕ, ಜರ್ಮನಿಯಂಥ ದೇಶಗಳ ರಸ್ತೆಗಾಗಿ ಮಾಡಿದ ದೀಪ ಬಲಕ್ಕೆ ಹೆಚ್ಚು ಬೆಳಕು ಚೆಲ್ಲುತ್ತದೆ, ಅಂದರೆ ಇಲ್ಲಿ ಎದುರು ಬರುವವರ ಮುಖಕ್ಕೆ. ಯುರೋಪಿನ ನಿಯಮದಂತೆ ಎಡಬದಿ ಸಂಚಾರಕ್ಕೆ ಮಾತ್ರ ತಕ್ಕ ದೀಪದ ಮೇಲೆ, ಅದಕ್ಕೆ ಎದುರಾಗಿ ನಿಂತವರ ಬಲಕ್ಕೆ ಚಾಚಿದ ಬಾಣದ ಗುರುತಿರುತ್ತದೆ. ರಿಫ್ಲೆಕ್ಟರ್ ಕೆಡದೆ ಉಳಿದಿರುವಾಗ ಹೊದಿಕೆಯನ್ನಷ್ಟೇ ಬದಲಿಸುವುದೇ ವಿವೇಕವೆಂದು ನನ್ನ ಅಭಿಪ್ರಾಯ: ಗೆರೆಯಿಲ್ಲದ ಹೊದಿಕೆಗೆ ಎಡ-ಬಲ ಸಂಚಾರದ ಭೇದವಿಲ್ಲ, ಬೆಳಕಿನ ಆಕಾರ ಮೂಲದ್ದೇ ಉಳಿಯುತ್ತದೆ. ಹಳೆಯ ಗೆರೆಗಾಜಿನ ದೀಪಕ್ಕೆ ಮಾತ್ರ ಈ ಮಾತು ಸಲ್ಲದು.

ಸ್ನೇಹಿತರು ಎರಡನೆಯ ದಾರಿಯನ್ನೇ ಹಿಡಿದರು. ಹೊದಿಕೆ ಸಿಗಲು ಆರು ವಾರ ಹಿಡಿಯಿತು. ಅಂಚಿನ ಅಂಟು ಬ್ಯೂಟೈಲ್ ರಬ್ಬರಿನದಾಗಿದ್ದದ್ದು ಅವರ ಪುಣ್ಯ. ಬಿಸಿ ಮಾಡಿದರೆ ಅದು ಮೆತ್ತಗಾಗುತ್ತದೆ. ಗಟ್ಟಿ ಅಂಟು ಹಾಕಿದ ದೀಪಗಳನ್ನು ಒಡೆಯದೆ ಬಿಚ್ಚುವುದು ಕಷ್ಟ. ಮೆಕ್ಯಾನಿಕ್ ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಅಂಚಿನುದ್ದಕ್ಕೂ ಆಡಿಸುತ್ತ, ಅಗಲವಾದ ಪ್ಲಾಸ್ಟಿಕ್ ಪಟ್ಟಿಯಿಂದ ಇಷ್ಟಿಷ್ಟೇ ಎಬ್ಬಿಸಿದರು. ಕಪ್ಪು ಅಂಟು ಬೆಲ್ಲದ ಪಾಕದಂತೆ ಎಳೆಯಾಗಿ ಹಿಗ್ಗಿತು. ಒಳಗಿನ ರಿಫ್ಲೆಕ್ಟರನ್ನು ಅವರು ಬಟ್ಟೆಯಿಂದ ಮುಟ್ಟಲೇ ಇಲ್ಲ. ಅದರ ಹೊಳಪು ಅತಿ ತೆಳುವಾದ ಅಲ್ಯೂಮಿನಿಯಮ್ ಪದರದ್ದು, ಒರೆಸಿದರೆ ಅದೇ ಎದ್ದುಬರುತ್ತದೆ. ಕೊನೆಗೆ ಹೊಸ ಅಂಟನ್ನು ಎಲ್ಲಿಯೂ ತುಂಡಾಗದಂತೆ ಸುತ್ತಲೂ ಕೂರಿಸಿದರು. ದೀಪದೊಳಗಿನ ಗಾಳಿ 27 ಡಿಗ್ರಿಯಿಂದ 77 ಡಿಗ್ರಿಗೆ ಕಾದಾಗ ಅದರ ಏಳನೆಯ ಒಂದು ಪಾಲು ಹೊರಹೋಗುತ್ತದೆ, ಆರಿದಾಗ ಅಷ್ಟೇ ಗಾಳಿ ಒಳಬರುತ್ತದೆ. ಅಂಟಿನಲ್ಲಿ ಸಂದಿಯಿದ್ದರೆ, ಮುಂಬಯಿಯ ಜುಲೈ ತಿಂಗಳಲ್ಲಿ ಪ್ರತಿ ರಾತ್ರಿಯೂ ಆ ಉಸಿರಾಟ ಮಳೆನೀರನ್ನೇ ಒಳಗೆಳೆಯುತ್ತದೆ.

ಬಿಚ್ಚಿದ ದೀಪವನ್ನು ಮತ್ತೆ ಕಾರಿಗೆ ಕೂರಿಸಿದ ಮೇಲೆ ಅದರ ದಿಕ್ಕನ್ನು ನೋಡಲೇಬೇಕು. ದೀಪವನ್ನು ಕಾರಿಗೆ ಬಿಗಿಯುವ ಮೇಲಿನ ಮತ್ತು ಕೆಳಗಿನ ಹಿಡಿಕೆಗಳ ನಡುವೆ 20 ಸೆಂಟಿಮೀಟರ್ ಅಂತರವಿದ್ದರೆ ಒಂದು ಕಡೆ 2 ಮಿಲಿಮೀಟರ್ ಮುಂದಾದರೂ ದೀಪ ಶೇಕಡಾ 1ರಷ್ಟು ವಾಲುತ್ತದೆ, ಲೋ ಬೀಮಿಗೆ ಕೊಟ್ಟ ಇಳಿಜಾರೆಲ್ಲ ಅಷ್ಟರಲ್ಲೇ ಮುಗಿದುಹೋಗುತ್ತದೆ. ಕತ್ತಲಾದ ಮೇಲೆ ಕಾರನ್ನು ಕಾಂಪೌಂಡ್ ಗೋಡೆಯಿಂದ 10 ಮೀಟರ್ ಹಿಂದೆ ಸಮತಟ್ಟಿನಲ್ಲಿ ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು ಗೆರೆ ಎಳೆದೆವು. ಮೆಕ್ಯಾನಿಕ್ ದೀಪದ ಹಿಂದಿನ ಸ್ಕ್ರೂವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದರು. ಬೆಳಕಿನ ಅಂಚು ಕೆಳಗಿನ ಗೆರೆಗೆ ಬಂದು ಕುಳಿತು, ಎಡಕ್ಕೆ ಮಾತ್ರ ಓರೆಯಾಗಿ ಮೇಲೆದ್ದು ನಿಂತಿತು.