ಸ್ಮಾರ್ಟ್‌ವಾಚ್ ಕಟ್ಟಿಸಿದರೆ ಬೀಳುವ ಅಪಾಯ ಮೊದಲೇ ತಿಳಿಯುತ್ತದೆಯೇ?

ಪ್ರಶ್ನೆ: ತಾಯಿಗೆ 68 ವರ್ಷ. ಮೂಳೆ ಸಾಂದ್ರತೆ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.9 ಬಂದಿದೆ. ಸ್ಮಾರ್ಟ್‌ವಾಚ್ ಕಟ್ಟಿಸಿದರೆ ಬೀಳುವ ಅಪಾಯ ಎಷ್ಟಿದೆ ಎಂದು ಗೊತ್ತಾಗುತ್ತದೆಯೇ?

ಉತ್ತರ: ವಾಚಿನ ಫಾಲ್ ಡಿಟೆಕ್ಷನ್ (ಬಿದ್ದದ್ದನ್ನು ಗುರುತಿಸುವ ಸೌಲಭ್ಯ) ಕೆಲಸ ಮಾಡುವುದು ಬಿದ್ದ ಮೇಲೆ. ಜೋರಾದ ಹೊಡೆತ, ಅದರ ಬೆನ್ನಿಗೇ ಅಲುಗಾಟವಿಲ್ಲದಿರುವುದು, ಇವೆರಡೂ ಕಂಡರೆ ಮನೆಯವರಿಗೆ ಸಂದೇಶ ಹೋಗುತ್ತದೆ. ಅದೂ ಬೇಕಾದದ್ದೇ, ಆದರೆ ಅಪಾಯವನ್ನು ಅಳೆಯುವುದು ಬೇರೆ ಕೆಲಸ. ಟಿ-ಸ್ಕೋರ್ ಕೂಡ ಅದನ್ನು ಹೇಳುವುದಿಲ್ಲ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ತೊಂದರೆ. ಬಿದ್ದರೆ ಮೂಳೆ ಮುರಿಯುವ ಸಂಭವ ಹೆಚ್ಚು ಎಂದಷ್ಟೇ ಅರ್ಥ.

ಬೀಳುವ ಅಪಾಯ ಅಳೆಯಬೇಕೆಂದರೆ ಚಲನೆ ದಾಖಲಿಸುವ ಸೆನ್ಸರ್ ಇರಬೇಕಾದದ್ದು ಮಣಿಕಟ್ಟಿನಲ್ಲಲ್ಲ, ಸೊಂಟದ ಹಿಂಭಾಗದಲ್ಲಿ, ಬೆನ್ನುಮೂಳೆಯ ಕೆಳತುದಿಯ ಹತ್ತಿರ. ಕೋಲು ಅಥವಾ ವಾಕರ್ ಹಿಡಿದವರ ಕೈ ಬೀಸುವುದೇ ಇಲ್ಲ, ಹಾಗಾಗಿ ವಾಚು ಹೆಜ್ಜೆಗಳನ್ನೇ ಬಿಟ್ಟುಬಿಡುತ್ತದೆ. ಎಲಾಸ್ಟಿಕ್ ಬೆಲ್ಟ್ ಬಿಗಿಯಾಗಿರಲಿ. ಸಡಿಲವಾದರೆ ಬೆಲ್ಟಿನ ಕುಲುಕಾಟವೇ ದೇಹದ ಓಲಾಟವಾಗಿ ದಾಖಲಾಗುತ್ತದೆ. ಸೆಕೆಂಡಿಗೆ 100 ರೀಡಿಂಗ್ ಧಾರಾಳವಾಗಿ ಸಾಕು.

ಮೊದಲು 10 ಸೆಕೆಂಡ್ ನೆಟ್ಟಗೆ, ಅಲುಗಾಡದೆ ನಿಲ್ಲಿಸಿ. ಇದನ್ನು ಬಿಡುವವರೇ ಹೆಚ್ಚು. ಕಶೇರುಗಳು (ಬೆನ್ನುಮೂಳೆಯ ಬಿಡಿ ಮೂಳೆಗಳು) ಕುಸಿದು ಬೆನ್ನು ಗೂನಾದವರಲ್ಲಿ ಸೆನ್ಸರ್ ಓರೆಯಾಗಿ ಕೂರುತ್ತದೆ. ಗುರುತ್ವದ ಒಂದು ಪಾಲು ಮುಂದು-ಹಿಂದಿನ ಚಲನೆಯ ಅಂಕಿಗಳೊಳಗೆ ಸೇರಿಕೊಳ್ಳುತ್ತದೆ. ನಿಂತಾಗಿನ ರೀಡಿಂಗ್ ಇದ್ದರೆ ಆ ಓರೆಯನ್ನು ಕಳೆಯಬಹುದು.

ನಂತರ ಟಿಯುಜಿ (ಟೈಮ್ಡ್ ಅಪ್ ಆ್ಯಂಡ್ ಗೋ) ಪರೀಕ್ಷೆ: ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. ದಿನಬಳಕೆಯ ಪಾದರಕ್ಷೆ, ಮಾಮೂಲಿ ವೇಗ, ಒಮ್ಮೆ ಅಭ್ಯಾಸ. ಜೊತೆಗಿರುವವರು ಅರ್ಧ ಹೆಜ್ಜೆ ಹಿಂದಿರಲಿ. ಮುಂದೆ ಹೋದರೆ ಅವರ ವೇಗಕ್ಕೇ ಇವರೂ ನಡೆಯುತ್ತಾರೆ.

12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅಪಾಯವಿದೆ ಎಂದು ಸಾಮಾನ್ಯವಾಗಿ ಲೆಕ್ಕ. ಇಷ್ಟಕ್ಕೆ ಸ್ಟಾಪ್‌ವಾಚ್ ಸಾಕು. ಸೆನ್ಸರ್‌ನ ನಿಜವಾದ ಉಪಯೋಗ ಆ ಸಮಯವನ್ನು ಬಿಡಿಸಿ ತೋರಿಸುವುದರಲ್ಲಿದೆ. ಇಬ್ಬರಿಗೂ 11.5 ಸೆಕೆಂಡ್ ಬಂದಿದೆ ಎನ್ನಿ. ಒಬ್ಬರು ಕುರ್ಚಿಯಿಂದ ಏಳಲು ತಿಣುಕಿದ್ದಾರೆ: ತೊಡೆಯ ಬಲ ಸಾಲದು. ಇನ್ನೊಬ್ಬರು ಥಟ್ಟನೆ ಎದ್ದರೂ ತಿರುಗುವಲ್ಲಿ ಆರೇಳು ಪುಟ್ಟ ಹೆಜ್ಜೆ ಇಟ್ಟಿದ್ದಾರೆ, ಸೆನ್ಸರ್‌ನೊಳಗೆ ತಿರುಗುವಿಕೆ ಅಳೆಯುವ ಗೈರೋಸ್ಕೋಪ್‌ನಲ್ಲಿ ತಿರುಗುವ ವೇಗವೂ ತಗ್ಗಿದೆ: ಸಮತೋಲನದ ತೊಂದರೆ. ಇಬ್ಬರಿಗೂ ಬೇಕಾದ ವ್ಯಾಯಾಮ ಬೇರೆ. ಎರಡನೆಯವರ ಬಗ್ಗೆ ಹೆಚ್ಚು ಎಚ್ಚರ ಬೇಕು. ತಿರುಗುವಾಗ ಬಿದ್ದವರು ಪಕ್ಕಕ್ಕೆ ಒರಗಿ ಸೊಂಟದ ಕೀಲಿನ ಮೇಲೇ ಬೀಳುವುದು ಹೆಚ್ಚು.

ಹೆಜ್ಜೆಯಿಂದ ಹೆಜ್ಜೆಗೆ ಸಮಯ ಎಷ್ಟು ಏರುಪೇರಾಗುತ್ತದೆ ಎಂಬುದೂ ಒಳ್ಳೆಯ ಸುಳಿವು. ಆದರೆ 3 ಮೀಟರಿನಲ್ಲಿ ಸಿಗುವ ಬೆರಳೆಣಿಕೆಯ ಹೆಜ್ಜೆಗಳಿಂದ ಅದನ್ನು ಲೆಕ್ಕ ಹಾಕಬಾರದು. ಒಂದೆರಡು ನಿಮಿಷದ ನೇರ ನಡಿಗೆ ಬೇಕು, ತಿರುವಿನ ಹೆಜ್ಜೆಗಳನ್ನು ಕೈಬಿಡಬೇಕು.

ಆ್ಯಪ್ ಕೊಡುವ ‘ಅಪಾಯ ಇಷ್ಟು ಶೇಕಡಾ’ ಎಂಬ ಒಂಟಿ ಅಂಕಿಯನ್ನು ನೆಚ್ಚಿಕೊಳ್ಳಬೇಡಿ. ಏಳುವುದು, ನಡೆಯುವುದು, ತಿರುಗುವುದು, ಕೂರುವುದು ಹೀಗೆ ಹಂತವಾರು ಅಂಕಿ ಕೇಳಿ. ನಿದ್ರೆ ಮಾತ್ರೆ ಅಥವಾ ಬಿಪಿ ಮಾತ್ರೆ ಬದಲಾಗಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಸಿ. ತಾಯಿಯವರು ಕಳೆದ ಒಂದು ವರ್ಷದಲ್ಲಿ ಎರಡು ಸಲ ಬಿದ್ದಿದ್ದರಂತೂ ಸೆನ್ಸರ್‌ಗಾಗಿ ಕಾಯದೆ ವೈದ್ಯರನ್ನೂ ಫಿಸಿಯೋಥೆರಪಿಸ್ಟ್ ಅವರನ್ನೂ ಕಾಣಿ.