ಬನವಾಸಿಯ ಅನಾನಸ್ ರಾತ್ರಿ ಏನು ಮಾಡುತ್ತದೆ?

ಏಪ್ರಿಲ್‌ನಲ್ಲಿ ಶಿರಸಿಯಿಂದ ಬನವಾಸಿ ಕಡೆ ಹೋದರೆ ಬೇಣದ (ಹುಲ್ಲುಗಾವಲಿನ) ಹುಲ್ಲೆಲ್ಲ ಒಣಗಿರುತ್ತದೆ. ಅನಾನಸ್ ಮಾತ್ರ ಆ ಬಿಸಿಲಲ್ಲೂ ಗಟ್ಟಿಯಾಗಿ ನಿಂತಿರುತ್ತದೆ. ನಡುಮಧ್ಯಾಹ್ನ ಅದರ ಎಲೆಯ ಪತ್ರರಂಧ್ರಗಳು, ಅಂದರೆ ಗಾಳಿ ಒಳಬರುವ ಸಣ್ಣ ತೂತುಗಳು, ಮುಚ್ಚಿರುತ್ತವೆ. ಗಾಳಿಯೇ ಒಳಗೆ ಹೋಗದಿದ್ದರೆ ಸಕ್ಕರೆ ಹೇಗೆ ತಯಾರಾಗುತ್ತದೆ?

ನೀರು, ಇಂಗಾಲದ ಡೈಆಕ್ಸೈಡ್, ಬಿಸಿಲು ಸೇರಿ ಸಕ್ಕರೆ ಆಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಸರಿಯೇ. ಆದರೆ ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ.

ಮೊದಲನೆಯದು ಬೆಳಕಿನದು. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ. ಹೀರಿದ ಬೆಳಕು ಅದರ ಎಲೆಕ್ಟ್ರಾನ್‌ಗೆ ಹೆಚ್ಚಿನ ಶಕ್ತಿ ಕೊಡುತ್ತದೆ. ಆ ಎಲೆಕ್ಟ್ರಾನ್ ಅಲ್ಲಿಂದ ಹೊರಟು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಖಾಲಿಯಾದ ಜಾಗ ತುಂಬಲು ಗಿಡ ನೀರನ್ನೇ ಒಡೆಯುತ್ತದೆ. ನಾವು ಉಸಿರಾಡುವ ಆಮ್ಲಜನಕ ಹುಟ್ಟುವುದು ಇಲ್ಲೇ. ಅದು ಬರುವುದು ನೀರಿನಿಂದ, ಇಂಗಾಲದ ಡೈಆಕ್ಸೈಡ್‌ನಿಂದಲ್ಲ. ಭಾರವಾದ ಆಮ್ಲಜನಕ ಸೇರಿಸಿದ ನೀರನ್ನು ಬಳಸಿ 1941ರಲ್ಲಿ ರೂಬೆನ್, ಕಾಮೆನ್ ಮತ್ತು ಅವರ ಜೊತೆಗಾರರು ಇದನ್ನು ತೋರಿಸಿದರು. ಬೆಳಕಿನ ಶಕ್ತಿ ಕೊನೆಗೆ ಎಟಿಪಿ, ಎನ್‌ಎಡಿಪಿಎಚ್ ಎಂಬ ಎರಡು ಅಣುಗಳಲ್ಲಿ ಸೇರುತ್ತದೆ.

ಎರಡನೆಯ ಕೆಲಸ, ಆ ಶಕ್ತಿ ಬಳಸಿ ಇಂಗಾಲದ ಡೈಆಕ್ಸೈಡ್ ಅನ್ನು ಸಕ್ಕರೆ ಮಾಡುವುದು. ಇದರ ಒಂದೊಂದು ಹೆಜ್ಜೆಯನ್ನೂ ವಿಕಿರಣಶೀಲ ಇಂಗಾಲದಿಂದ ಪತ್ತೆಹಚ್ಚಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಬಂತು.

ತೊಂದರೆ ಇರುವುದು ರಂಧ್ರದಲ್ಲಿ. ಗಾಳಿ ಬರಲಿ ಎಂದು ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಭತ್ತದಂಥ ಗಿಡ ಇಂಗಾಲದ ಡೈಆಕ್ಸೈಡ್‌ನ ಒಂದು ಅಣು ಪಡೆಯಲು ನೀರಿನ ನೂರಾರು ಅಣು ಕಳೆದುಕೊಳ್ಳುತ್ತದೆ. ಕೆಳಗೆ ತೇವವಿರುವ ಅಡಿಕೆ ತೋಟದಲ್ಲಿ ಇದು ನಡೆಯುತ್ತದೆ. ಒಣ ಬೇಣದಲ್ಲಿ ಕಷ್ಟ.

ಅನಾನಸ್ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಅದು ರಾತ್ರಿ, ಗಾಳಿ ತಂಪಾದ ಮೇಲೆ ರಂಧ್ರ ತೆರೆಯುತ್ತದೆ. ಆಗ ಬೆಳಕಿಲ್ಲ, ಸಕ್ಕರೆ ಮಾಡಲಾಗದು. ಹಾಗಾಗಿ ಒಳಗೆ ಬಂದ ಇಂಗಾಲದ ಡೈಆಕ್ಸೈಡ್ ಅನ್ನು ಮ್ಯಾಲಿಕ್ ಆಮ್ಲ ಎಂಬ ಹುಳಿ ವಸ್ತುವಿನ ರೂಪದಲ್ಲಿ ಜೀವಕೋಶದೊಳಗೆ ಕೂಡಿಡುತ್ತದೆ. ಬೆಳಗಾದ ಮೇಲೆ ರಂಧ್ರ ಮುಚ್ಚಿ, ಆಮ್ಲ ಒಡೆದು, ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಅನ್ನು ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡಿಕೊಳ್ಳುತ್ತದೆ.

ನಮ್ಮ ಹಿತ್ತಲಿನ ಕಾಡುಬಸಳೆಯೂ ಹೀಗೇ. ಎಲೆಯ ಅಂಚಿನಲ್ಲೇ ಮರಿ ಹುಟ್ಟುತ್ತದಲ್ವಾ, ಅದೇ ಗಿಡ. ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಎಂದು ಬೆಂಜಮಿನ್ ಹೇಯ್ನ್ ಬರೆದ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದವನು ಈತ. ಕಾರಣ ಅವನಿಗೆ ಗೊತ್ತಿರಲಿಲ್ಲ. ಆದರೆ ನಾಲಿಗೆ ಸರಿಯಾಗಿಯೇ ಹೇಳಿತ್ತು. ನೀವು ತಿಂದು ನೋಡುವುದು ಬೇಡ, ಆ ಎಲೆಯಲ್ಲಿ ವಿಷದ ಅಂಶವೂ ಇದೆ. ಶಾಲೆಯ ಲ್ಯಾಬಿನಲ್ಲಿ ಪಿಎಚ್ ಪೇಪರ್ (ಹುಳಿ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಕಾಗದ) ಸಿಕ್ಕರೆ ಸಾಕು. ಸೂರ್ಯ ಹುಟ್ಟುವ ಮೊದಲು ಕಿತ್ತ ಎಲೆಯ ರಸವನ್ನೂ ಸಂಜೆ ಕಿತ್ತದ್ದನ್ನೂ ಪಕ್ಕಪಕ್ಕ ಹಚ್ಚಿ. ಎರಡು ಬಣ್ಣ ಬರುತ್ತದೆ.

ಈ ವಿಧಾನಕ್ಕೆ ಮಿತಿಯೂ ಇದೆ. ಕೋಶದಲ್ಲಿ ಎಷ್ಟು ಆಮ್ಲ ಹಿಡಿಯುತ್ತದೋ ಅಷ್ಟೇ ಮರುದಿನದ ಬಂಡವಾಳ. ಅದಕ್ಕೇ ಇಂಥ ಹಲವು ಗಿಡಗಳು ನಿಧಾನವಾಗಿ ಬೆಳೆಯುತ್ತವೆ. ನೆಲದಲ್ಲಿ ತೇವ ಚೆನ್ನಾಗಿದ್ದಾಗ ಅನಾನಸ್ ಸಂಜೆಯ ಬೆಳಕು ಇರುವಾಗಲೇ ರಂಧ್ರ ತೆರೆದು, ಉಳಿದ ಗಿಡಗಳ ಹಾಗೆ ನೇರವಾಗಿಯೂ ಸಕ್ಕರೆ ಮಾಡಿಕೊಳ್ಳುತ್ತದೆ.